ಪರದೆಯ ಮೇಲಿನ ಕಪ್ಪು ಗುಳ್ಳೆ

ಡಾಕ್ಟರಮ್ಮ ಬಲಪಾದದ ಗಂಟಿನ ಒಳಬದಿಗೆ ಜೆಲ್ ಸವರಿ, ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಮೆಲ್ಲಗೆ ಒತ್ತಿದರು. ಮಂಚದ ಮೇಲೆ ಮಲಗಿದ್ದವಳು ಕಣ್ಣು ಮುಚ್ಚಿಕೊಂಡಳು. ‘ಏನೂ ಇಲ್ಲ’ ಎಂಬ ಮಾತನ್ನು ಇನ್ನೊಮ್ಮೆ ಕೇಳುವ ತ್ರಾಣ ಅವಳಿಗಿರಲಿಲ್ಲ.

ಎರಡು ವರ್ಷದಿಂದ ಅಂಗಾಲು ಉರಿ, ಆಮೇಲೆ ಜೋಮು. ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲವೂ ಸರಿಯಿದ್ದವು. ಅವಳು ಶಾಲೆಯ ಬಸ್ ಓಡಿಸುತ್ತಿದ್ದಳು. ಮೂರು ತಿಂಗಳ ಹಿಂದೆ, ಬಸ್ಸಿನ ತುಂಬ ಮಕ್ಕಳಿರುವಾಗ, ಕಾಲು ಬ್ರೇಕಿನ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಅವತ್ತೇ ಕೀಲಿಕೈ ಒಪ್ಪಿಸಿ ಮನೆಗೆ ಬಂದಳು. “ಕೂತು ಉಣ್ಣೋಕೆ ಒಳ್ಳೇ ನೆಪ” ಎಂದಿದ್ದರು ಅತ್ತೆ. ಇವತ್ತು ಅವರು ಜೊತೆಗೆ ಬಂದದ್ದೂ ಆ ನೆಪವನ್ನು ಬಯಲು ಮಾಡಲಿಕ್ಕೇ.

“ಇಲ್ಲಿ ನೋಡಿ” ಎಂದರು ಡಾಕ್ಟರಮ್ಮ. “ಜೇನುಗೂಡಿನ ಹಾಗೆ ಚುಕ್ಕಿ ಚುಕ್ಕಿ ಇದೆಯಲ್ಲ, ಅದು ಅಂಗಾಲಿಗೆ ಹೋಗೋ ನರ. ಪಕ್ಕದ ಕಪ್ಪು ಗುಳ್ಳೆ ಅದನ್ನ ಗೋಡೆಗೊತ್ತಿ ನಿಲ್ಲಿಸಿದೆ. ಉರಿಯದೆ ಇನ್ನೇನಾಗುತ್ತೆ?”

ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಂದರು. ತುಂಬ ಹೊತ್ತು ನೋಡಿದರು.

“ಅಯ್ಯೋ ಮಗಳೇ, ಇದನ್ನೂ ಹೊತ್ಕೊಂಡು, ನನ್ನ ಮಾತನ್ನೂ ಹೊತ್ಕೊಂಡಿದ್ಯಾ?”

ಅವಳ ಕಣ್ಣಂಚಿನ ನೀರು ಕಿವಿಯತ್ತ ಇಳಿಯಿತು.

ಮರಗಟ್ಟಿಸುವ ಮದ್ದು ಕೊಟ್ಟು, ಪರದೆಯ ಮೇಲೆ ಸೂಜಿಯ ದಾರಿ ನೋಡುತ್ತಲೇ ಡಾಕ್ಟರಮ್ಮ ಗುಳ್ಳೆಯನ್ನು ಮುಟ್ಟಿದರು. ಸಿರಿಂಜಿಗೆ ಲೋಳೆಯಂಥ ದ್ರವ ಏರಿತು, ಗುಳ್ಳೆ ಕುಗ್ಗಿತು. ಅಷ್ಟೂ ಹೊತ್ತು ಸೊಸೆಯ ಕೈ ಹಿಸುಕುತ್ತಿದ್ದವರು ಅತ್ತೆಯೇ.

“ನಿಮಗಾ ಸೂಜಿ ಹಾಕಿದ್ದು?” ಡಾಕ್ಟರಮ್ಮ ನಕ್ಕರು. “ಉರಿ ಬೇಗ ತಗ್ಗುತ್ತೆ. ಜೋಮು ಬಿಡೋಕೆ ಕೆಲವು ವಾರ ಬೇಕು. ಗುಳ್ಳೆ ಮತ್ತೆ ತುಂಬಿದ್ರೆ ಬನ್ನಿ.”

“ನೀವು ಮದ್ದು ಕೊಟ್ಟಿದ್ದು ಅವಳ ಕಾಲಿಗೆ ಮಾತ್ರ ಅಲ್ಲ ತಾಯಿ” ಎಂದು ಅತ್ತೆ ಕೈ ಮುಗಿದರು.

ಐದನೇ ವಾರದ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಕೇಳಿಸಿತು.

“ಅತ್ತೇ! ನೆಲ ಎಷ್ಟು ತಣ್ಣಗಿದೆ!”

ಅತ್ತೆ ಹಿತ್ತಲಿನಿಂದ ಓಡಿಬಂದರು. ಸೊಸೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಗುತ್ತಿದ್ದಳು. ಅತ್ತೆ ಬಾಗಿಲಲ್ಲೇ ಚಪ್ಪಲಿ ಕಳಚಿ, ಅವಳ ಪಕ್ಕ ಹೋಗಿ ನಿಂತರು.