ಗಂಗವ್ವನ ಉಪವಾಸ

ಬೀಸಲೆಂದು ಎತ್ತಿದ ಬಲೆಯನ್ನು ಕೈಬಿಟ್ಟು, ಚಂದ್ರಶಾ ಹರಿಗೋಲಿನ ಅಂಚಿಗೆ ಬಾಗಿ, ಅತ್ತೆ ಉಣಿಸಿದ್ದನ್ನೆಲ್ಲ ಕಮಲಾಪುರದ ಕೆರೆಗೆ ಒಪ್ಪಿಸಿಬಿಟ್ಟ. ಮೊನ್ನೆಯೂ ಇದೇ ಆಗಿತ್ತು, ನಿನ್ನೆಯೂ ಇದೇ. ಹುಟ್ಟು ಹಾಕುತ್ತಿದ್ದ ಮಾವ ಕಾಶಿರಾಯ ಎಂದಿನಂತೆ ಆಚೆ ದಂಡೆಯ ಈಚಲ ಮರದಿಂದ ಕಣ್ಣು ಕೀಳದೆಯೇ ಗೊಣಗಿದ.

"ಅಳಿಯಾರ, ಖರೇನ ಅಂಬಿಗರ ಹೊಟ್ಯಾಗ ಹುಟ್ಟೀರೋ, ಇಲ್ಲಾ ದಾರಿ ತಪ್ಪಿ ಬಂದೀರೋ?"

"ಹರಿಗೋಲು ಬುಗರಿ ತಿರುಗಿದಂಗ ತಿರಗತದರಿ ಮಾವಾರ. ನಾ ಏನ್ ಮಾಡ್ಲಿ?"

"ಹೌದ್ರಿ, ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ!"

ಆ ಮನೆಯ ಕಟ್ಟಳೆಯೇ ಹಾಗೆ. ಮದುವೆಯಾದ ವರ್ಷ ಕೆರೆಗೆ ಹೊಸನೀರು ಬಂದಾಗ ಅಳಿಯನಾದವನು ಮಾವನ ಹರಿಗೋಲಿನಲ್ಲಿ ಕುಳಿತು, ತನ್ನ ಕೈಯಾರೆ ಬಲೆ ಬೀಸಿ ಮೀನು ತರಬೇಕು. ಆಮೇಲೆಯೇ ಮಗಳು ಗಂಡನ ಮನೆಗೆ. ತಪ್ಪಿದರೆ ಬರುವ ವರ್ಷದ ಹೊಸನೀರಿನವರೆಗೆ ಅವಳು ತವರಿನಲ್ಲೇ ಇರಬೇಕು. ಚಂದ್ರಶಾನೋ ಕಲಬುರಗಿಯ ಕಚೇರಿಯಲ್ಲಿ ನಿಜಾಮ ಸರಕಾರದ ಬಿಲ್ಲೆ ಕಟ್ಟಿಕೊಂಡು ಕಾಗದದ ಕಟ್ಟು ಹೊರುವ ಚಪರಾಸಿ. ನೀರನ್ನು ಕೊಡದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಸಾಹೇಬರು ಕೊಟ್ಟ ಮೂರು ದಿನದ ರಜೆ ಇವತ್ತಿಗೆ ಮುಗಿಯಿತು. ದಂಡೆಯಲ್ಲಿ ಹಮೀದನ ಬಂಡಿ ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಟು ನಿಂತಿತ್ತು. ಅದರ ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಹೆಂಡತಿ ಮಲ್ಕಮ್ಮ.

"ಜಲ್ದಿ ಮಾಡ್ರಪ್ಪಾ! ಬಿಸಿಲು ಏರಿದ್ರ ನನ್ನ ಎತ್ತು ನಡ್ಯಂಗಿಲ್ಲ," ಎಂದು ಹಮೀದ್ ಕೂಗಿದ.

ಹರಿಗೋಲು ದಂಡೆ ಮುಟ್ಟುವುದೇ ತಡ, ಅತ್ತೆ ಮಹಾದೇವಮ್ಮ ಬುತ್ತಿ ಹಿಡಿದು ಓಡಿ ಬಂದಳು. "ಖಾಲಿ ಹೊಟ್ಟಿಗೆ ಚಕ್ಕರ್ ಬರ್ತದರಿ. ಇನ್ನೆರಡು ರೊಟ್ಟಿ ತಿನ್ರಿ. ಮ್ಯಾಲೊಂದು ಕೆಂಪು ಬಾಳಿಹಣ್ಣು ತಿನ್ರಿ." ಬೆಳಗ್ಗೆ ನಾಲ್ಕು ರೊಟ್ಟಿ, ಝುಣಕ, ಎರಡು ಹಣ್ಣು ತಿನ್ನಿಸಿದವಳೂ ಇವಳೇ. ಅತ್ತೆ ಬಡಿಸಿದ್ದನ್ನು ಒಲ್ಲೆ ಎನ್ನುವ ಅಳಿಯ ಎಲ್ಲಿ ಹುಟ್ಟಿದ್ದಾನೆ? ಅವಳು ಮಾತ್ರ ಒಂದು ತುತ್ತು ಮುಟ್ಟಿರಲಿಲ್ಲ. ನೀರಿಗೆ ಇಳಿಯುವ ದಿನ ಗಂಡ ಗಂಗವ್ವನ ಹೆಸರಿನಲ್ಲಿ ಉಪವಾಸ ಇರುತ್ತಾನೆ. ಅವನು ಆ ದಿನದ ಕೆಲಸ ಮುಗಿಸಿ ಬರುವವರೆಗೆ ಅವಳದೂ ಉಪವಾಸ. ಮೂವತ್ತು ವರ್ಷದಿಂದ ನಡೆದುಬಂದದ್ದು. ಹಸಿದ ಹೊಟ್ಟೆಯ ಸಿಟ್ಟು ಬೇರೆ ಸೇರಿ, "ನನ್ನ ಮಗಳ ನಸೀಬನ ಖೊಟ್ಟಿ!" ಎಂದು ಹಣೆ ಚಚ್ಚಿಕೊಂಡಳು.

ರೊಟ್ಟಿಯ ವಾಸನೆಗೇ ಮುಖ ತಿರುಗಿಸಿ, ಚಂದ್ರಶಾ ಹತ್ತಿರದ ಬೇವಿನ ಮರವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ಅದೇ ಮರವನ್ನು ಆ ಬದಿಯಿಂದ ಹಿಡಿದುಕೊಂಡು ಕಾಶಿರಾಯನೂ ಕಣ್ಣು ಮುಚ್ಚಿ ನಿಂತಿದ್ದ. ನೀರಿನಿಂದ ಬಂದೊಡನೆ ಅಪ್ಪ ಹೀಗೆ ನಿಲ್ಲುವುದನ್ನು ಮಲ್ಕಮ್ಮ ಚಿಕ್ಕಂದಿನಿಂದ ನೋಡಿದ್ದಳು. ದೇವರನ್ನು ನೆನೆಯುತ್ತಾನೆ ಅಂದುಕೊಂಡಿದ್ದಳು. ಈಗ ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು.

"ಅಪ್ಪಾ, ನಿನಗೂ ಚಕ್ಕರ್ ಬರ್ತದಲ್ಲ?"

"ಏ ಹುಚ್ಚಿ, ಸುಮ್ಕಿರು!"

"ಹಂಗಾದ್ರ ಗಂಗವ್ವನ ಆಣಿ ಮಾಡಿ ಹೇಳು."

ಕೆರೆಯ ದಂಡೆಯಲ್ಲೇ ನಿಂತು ಗಂಗವ್ವನ ಸುಳ್ಳು ಆಣೆ ಮಾಡುವ ಧೈರ್ಯ ಯಾವ ಅಂಬಿಗನಿಗಿದೆ? ಕಾಶಿರಾಯ ಸುತ್ತ ನೋಡಿ, ರುಮಾಲಿನ ಮಡಿಕೆಯೊಳಗಿಂದ ಉಪ್ಪು ಸವರಿದ ನಿಂಬೆಯ ಹೋಳೊಂದನ್ನು ತೆಗೆದು ಅಳಿಯನ ಕೈಯಲ್ಲಿಟ್ಟ. "ಇದನ್ನ ಚೀಪ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ನೀರು ನೋಡಬ್ಯಾಡ್ರಿ, ಆ ಈಚಲ ಗಿಡಾ ನೋಡ್ರಿ. ಆದ್ರೂ ಬಂದ್ರ ಬರ್ಲಿ, ಕಾರಿಕೊಂಡು ಬಲಿ ಬೀಸ್ರಿ."

ಚಂದ್ರಶಾನಿಗೆ ಅಳುವೇ ಬಂತು. "ಇದನ್ನ ಮೊದಲನೇ ದಿನಾನ ಹೇಳಬಾರದಿತ್ತೇನ್ರಿ ಮಾವಾರ?"

"ನಮ್ಮ ಮಾವ ನನಗ ಹೇಳಿದ್ನೇನು? ಅವನ ರುಮಾಲಿನಾಗ ನಿಂಬಿ ಸಿಕ್ಕಿದ್ದು ಅವ ಸತ್ತ ಮ್ಯಾಲೆ."

ಮಹಾದೇವಮ್ಮನ ಕೈಯಲ್ಲಿದ್ದ ಬುತ್ತಿ ಅಲ್ಲೇ ನಿಂತಿತು. "ಅಂದ್ರ... ಈ ಉಪಾಸ ಚಕ್ಕರ್ ಬರಬಾರದಂತೇನು? ನಮ್ಮಪ್ಪಂದೂ?" ಎಂದಳು. ಅವಳ ಅವ್ವನೂ ಕಣ್ಣು ಮುಚ್ಚುವವರೆಗೆ ಗಂಡನ ಹರಿಗೋಲಿನ ದಾರಿ ಕಾಯುತ್ತ ಹಸಿದು ಕುಳಿತವಳೇ. ಕಾಶಿರಾಯ ಅಳಿಯನನ್ನು ಹರಿಗೋಲಿಗೆ ಹತ್ತಿಸಿ ಅವಸರದಲ್ಲಿ ಹುಟ್ಟು ಹಾಕಿದ.

ದಂಡೆಯಿಂದ ಮಲ್ಕಮ್ಮ ನೋಡಿದಳು. ನಡುಗೆರೆಯಲ್ಲಿ ಚಂದ್ರಶಾ ಒಮ್ಮೆ ಬಾಗಿದ. ಇನ್ನೊಮ್ಮೆ ಬಾಗಿದ. ಆಮೇಲೆ ಬಾಯಿ ಒರೆಸಿಕೊಂಡು ಎದ್ದು, ಈಚಲ ಮರದ ಕಡೆ ಮುಖ ಮಾಡಿ ಬಲೆ ಬೀಸಿದ. ಎಳೆದಾಗ ಬಲೆಯೊಳಗೆ ಬಿಳಿಯದೊಂದು ಪಟಪಟನೆ ಬಡಿದುಕೊಂಡಿತು.

"ಬಿತ್ತು! ಹಮೀದಣ್ಣಾ, ಎತ್ತು ಹೂಡು!" ಮಲ್ಕಮ್ಮ ಗಂಟನ್ನು ಬಂಡಿಗೆ ಎಸೆದು, "ಅವ್ವಾ, ನೋಡಿದೇನವ್ವಾ?" ಎಂದು ತಿರುಗಿದಳು.

ಮಹಾದೇವಮ್ಮ ಬೇವಿನ ಬುಡದಲ್ಲಿ ಕಾಲು ಚಾಚಿ ಕುಳಿತಿದ್ದಳು. ಬುತ್ತಿ ಬಿಚ್ಚಿಕೊಂಡು, ರೊಟ್ಟಿ ಮುರಿದು, ಝುಣಕ ಹಚ್ಚಿ ಬಾಯಿಗಿಡುತ್ತಿದ್ದಳು.

"ಅವ್ವಾ! ಅಪ್ಪ ಇನ್ನಾ ನೀರಾಗ ಇದ್ದಾನಲ್ಲ!"

"ಇರ್ಲಿ," ಎಂದು ಮಹಾದೇವಮ್ಮ ಇನ್ನೊಂದು ರೊಟ್ಟಿ ಮುರಿದಳು. "ನಮ್ಮವ್ವನ ಪಾಲಿಂದೂ ನಾನ ಉಣ್ಣಬೇಕಾಗ್ಯದ."