ಸೊಸೆ ಕೊಟ್ಟ ಹಲ್ಲು

ಮದುವೆಗೆ ಮುಂಚಿನ ವಾರ, ಶಾಸ್ತ್ರದಂತೆ, ಎರಡೂ ಮನೆಯ ಹೆಂಗಸರು ಹಲ್ಲಿನ ಡಾಕ್ಟರ ಹತ್ತಿರ ಬಂದಿದ್ದರು. ವರನ ತಾಯಿ ಸರ್ವಮಂಗಳಮ್ಮನಿಗೆ ಮುಂದಿನ ನಾಲ್ಕು ಹಲ್ಲಿರಲಿಲ್ಲ. ತನ್ನ ಮದುವೆಯಲ್ಲಿ ಅವನ್ನು ಅತ್ತೆಗೆ ಕಿತ್ತುಕೊಟ್ಟಿದ್ದಳು. ತನ್ನ ಸೊಸೆಗೆ ಈ ಗತಿ ಬರಬಾರದೆಂದು ಅಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಸೊಸೆಯಾಗುವ ಸಿಂಚನ ಪಕ್ಕದ ಕುರ್ಚಿಯಲ್ಲಿ ಆಗಲೇ ಬಾಯಿ ತೆರೆದು ಕೂತಿದ್ದಳು.

"ಹುಡುಗಿ ಹಲ್ಲಿಂದೇ ಇಂಪ್ಲಾಂಟ್ ತಾನೇ?" ಡಾಕ್ಟರು ಇಕ್ಕಳ ಒರೆಸುತ್ತ ಕೇಳಿದರು.

"ಬೇಡಪ್ಪ. ನಂಗೊಂದು ಹಲ್ಲುಸೆಟ್ಟು ಸಾಕು. ರಾತ್ರಿ ತೆಗೆದು ಲೋಟದಲ್ಲಿಡ್ತೀನಿ."

ಇದನ್ನು ಕೇಳಿ ಹುಡುಗಿ ಖುಷಿಯಿಂದ ನಗುತ್ತಾಳೆ ಅಂದುಕೊಂಡಿದ್ದಳು ಸರ್ವಮಂಗಳಮ್ಮ. ಆದರೆ ಬೀಗಿತಿ, ಸಿಂಚನಳ ತಾಯಿ, ದಡಕ್ಕನೆ ಎದ್ದು ನಿಂತಳು. "ನಮ್ಮ ಹುಡುಗೀಲಿ ಏನು ಐಬು ಕಂಡ್ರಿ? ಹಲ್ಲು ಬೇಡ ಅನ್ನಿಸ್ಕೊಂಡೋಳನ್ನ ಇನ್ಯಾರು ಮಾಡ್ಕೋತಾರೆ?"

ಸಿಂಚನಳ ಕಣ್ಣು ತುಂಬಿತು. "ದಮ್ಮಯ್ಯ ಅತ್ತೆ, ತಗೊಳ್ಳಿ. ಬೇಕಾದ್ರೆ ಇನ್ನೆರಡು ಕೊಡ್ತೀನಿ."

ಸರ್ವಮಂಗಳಮ್ಮ ಸೋತು ಬಾಯಿ ತೆರೆದಳು.

ಬೀಗರೂಟದ ದಿನ ಅವಳು ಚಕ್ಕುಲಿಯನ್ನು ಕಟುಂ ಎಂದು ಕಡಿದಾಗ ಪಂಕ್ತಿಯವರೆಲ್ಲ ಮೆಚ್ಚಿ ತಲೆದೂಗಿದರು. ಪಕ್ಕದಲ್ಲಿ ಸಿಂಚನ ಅನ್ನ ಕಿವುಚಿ ನುಂಗುತ್ತಿದ್ದಳು. ತುಟಿ ಬಿಚ್ಚದೆ ನಕ್ಕು, ಅತ್ತೆಯ ಕಡೆ ಬಾಗಿ ಪಿಸುಗುಟ್ಟಿದಳು:

"ನಂಗೆ ಗಂಡುಮಗೂನೇ ಆಗ್ಲಿ ಅಂತ ಹರಸಿ ಅತ್ತೆ."