ಸತ್ತ ಮೇಲೂ ಮಾಡಿದ ಜಾಡಿಗಳು

ಸತ್ತ ಮೇಲೂ ಜಾಡಿ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಸೊಸೆ ಕಂಪ್ಯೂಟರನ್ನು ಕೇಳಿದಳು. ತಮಾಷೆಗಲ್ಲ. ಬೇರೆ ಬೇರೆ ಕಡೆಯ ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿದ ಮೇಲೆ ಇಂಥ ತಲೆಕೆಟ್ಟ ಪ್ರಶ್ನೆಗಳನ್ನು ಎಸೆದು ನೋಡುವುದು ಅವಳ ಅಭ್ಯಾಸ. ಯಾರೂ ಇಲ್ಲ ಎಂದು ಬಂದರೆ ಜೋಡಣೆ ಗಟ್ಟಿಯಾಗಿದೆ ಎಂದರ್ಥ. ಈ ಸಲ ಒಂದು ಹೆಸರು ಬಂತು. ಅದು ಅವಳ ಮಾವನದೇ.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ಮ್ಯೂಸಿಯಂನವರು ತಮ್ಮಲ್ಲಿರುವ ಜಾಡಿಗಳ ವಿವರವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದರು. ಗ್ರಂಥಾಲಯದವರು ಕುಶಲಕರ್ಮಿಗಳ ಹುಟ್ಟು ಸಾವುಗಳನ್ನು ಕೊಟ್ಟಿದ್ದರು. ಕುಂಬಾರರ ಸಂಘದವರು ತಮ್ಮ ಆವಿಗೆಯಲ್ಲಿ ಯಾವ ಜಾಡಿಯನ್ನು ಯಾವಾಗ ಸುಟ್ಟರು ಎಂಬುದನ್ನು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ಅಲ್ಲಿರುವ ಈ ಮನುಷ್ಯನೂ ಇಲ್ಲಿರುವ ಆ ಮನುಷ್ಯನೂ ಒಬ್ಬನೇ ಎಂದು ಒಂದೊಂದಾಗಿ ಯಂತ್ರಕ್ಕೆ ತಿಳಿಹೇಳಿ, ಮೂರೂ ಕಡೆಯಿಂದ ಒಟ್ಟಿಗೆ ಉತ್ತರ ಬರುವಂತೆ ಮಾಡಬೇಕಾದವಳು ಇವಳು. ಮರುದಿನವೇ ಅದನ್ನು ಜನರಿಗೆ ತೆರೆಯುವುದಿತ್ತು.

ಮಾವ ದೊಡ್ಡ ಹೆಸರಿನ ಕುಂಬಾರರು. ಅವಳು ಮನೆತುಂಬುವ ಹೊತ್ತಿಗೆ ಗೋಡೆಯ ಮೇಲಿನ ಫೋಟೋ ಆಗಿದ್ದರೂ, ನಾನು ಅವರ ಸೊಸೆ ಎಂದು ಆಫೀಸಿನಲ್ಲಿ ಸಾಕಷ್ಟು ಕೊಚ್ಚಿಕೊಂಡಿದ್ದಳು. ಈಗ ನೋಡಿದರೆ, ಅವರು ತೀರಿಕೊಂಡು ವರ್ಷಗಳಾದ ಮೇಲೂ ಅವರ ಹೊಸ ಜಾಡಿಗಳು ಆವಿಗೆಗೆ ಹೋಗುತ್ತಲೇ ಇದ್ದವು. ಒಂದೇ ಹೆಸರಿನ ಇಬ್ಬರನ್ನು ತಾನೇ ಒಬ್ಬರಾಗಿಸಿಬಿಟ್ಟೆನೇ ಎಂದು ಅವಳಿಗೆ ಅನುಮಾನ ಬಂತು. ಎಲ್ಲವನ್ನೂ ಮತ್ತೆ ತಾಳೆ ನೋಡಿದಳು. ಹೆಸರು, ವಿಳಾಸ, ಜಾಡಿಯ ಬುಡಕ್ಕೆ ಒತ್ತಿದ ಮುದ್ರೆ, ಯಾವುದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಮೇಲಧಿಕಾರಿ ಬಗ್ಗಿ ನೋಡಿ ನಕ್ಕರು. "ಏನಮ್ಮ, ನಿಮ್ಮ ಮಾವ ದೆವ್ವ ಆಗಿ ಬಂದು ಚಕ್ರ ತಿರುಗಿಸ್ತಿದ್ರಾ? ಆ ಜಾಡಿ ಸುಟ್ಟ ತಾರೀಕುಗಳನ್ನ ತೆಗೆದುಹಾಕಿ, ತಲೆನೋವೇ ಇರಲ್ಲ. ಸತ್ತೋರು ಬಂದು ಕೇಳ್ತಾರಾ?"

"ಬದುಕಿರೋರನ್ನ ಒಂದು ಮಾತು ಕೇಳ್ಬಿಡ್ತೀನಿ ಸರ್," ಎಂದು ಸೊಸೆ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಹೊರಟಳು.

ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಸೊಸೆ ಚಪ್ಪಲಿ ಬಿಟ್ಟವಳೇ ವಿಷಯ ಹೇಳಿ, "ಸಂಘದವರು ತಾರೀಕು ತಪ್ಪು ಬರ್ಕೊಂಡಿದಾರೆ, ಅಲ್ವಾ ಅತ್ತೆ?" ಎಂದಳು. ಅತ್ತೆ ಹೊದಿಕೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು. ಇಬ್ಬರೂ ಎಳೆದು ಹಿಡಿದು ಮಡಚಿದರು.

"ತಾರೀಕು ಸರಿಯಾಗೇ ಇದೆ," ಎಂದರು ಅತ್ತೆ. "ಅವರು ಹೋದಾಗ ನಿನ್ನ ಗಂಡ ಇನ್ನೂ ಸ್ಕೂಲಲ್ಲಿದ್ದ. ಮನೆ ನಡೀಬೇಕಲ್ಲ? ಜಾಡಿ ತಗೊಳ್ಳೋರು ಮೊದಲು ಬುಡ ತಿರುಗಿಸಿ ಮುದ್ರೆ ನೋಡ್ತಿದ್ರು. ನಾನು ಮಾಡಿದೆ, ಅವರ ಮುದ್ರೆ ಒತ್ತಿದೆ." ಮಡಚಿದ ಹೊದಿಕೆಯನ್ನು ಪಕ್ಕಕ್ಕಿಟ್ಟು ಕೇಳಿದರು, "ಈಗ ಅದನ್ನ ಮೋಸ ಅಂತಾರೇನೇ?"

ಬುಡದಲ್ಲಿ ಯಾರ ಮುದ್ರೆಯೋ ಮಾಡಿದವರೂ ಅವರೇ ಎನ್ನುವುದು ಮ್ಯೂಸಿಯಂನವರ ಹಳೆಯ ರೂಢಿ. ಅದನ್ನು ಸೊಸೆಯೂ ಕಣ್ಣುಮುಚ್ಚಿಕೊಂಡು ನಂಬಿದ್ದಳು. ತಾರೀಕುಗಳನ್ನು ತೆಗೆದುಹಾಕಿದ್ದರೆ, ಎದುರಿಗೆ ಕೂತ ಈ ಹೆಂಗಸು ಜಾಡಿ ಮಾಡಿದ್ದಕ್ಕೆ ಇದ್ದ ಒಂದೇ ಒಂದು ಸುಳಿವೂ ಅವುಗಳ ಜೊತೆಗೇ ಹೋಗಿಬಿಡುತ್ತಿತ್ತು.

"ಯಾರೂ ಏನೂ ಅನ್ನಲ್ಲ ಅತ್ತೆ. ಮುದ್ರೆ ಮಾವನದು ಅನ್ನೋದು ಒಂದು ಮಾತು. ಮಾಡಿದ್ದು ನೀವು ಅನ್ನೋದು ಬೇರೆ ಮಾತು. ಕಂಪ್ಯೂಟರಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೀಬಹುದು. ನಿಮ್ಮ ಹೆಸರು ಹಾಕಲಾ?"

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಮಡಚಿದರು, ಮತ್ತೆ ಬಿಡಿಸಿದರು. "ಹಾಕು," ಎಂದರು.

ಸೊಸೆ ಬಟ್ಟೆಯ ರಾಶಿಯ ಪಕ್ಕದಲ್ಲೇ ಕೂತು, ಲ್ಯಾಪ್‌ಟಾಪ್ ತೆರೆದು ಬರೆದಳು. ಮುಗಿಸಿ ಅದೇ ಹಳೆಯ ಪ್ರಶ್ನೆ ಕೇಳಿದಳು. ಸತ್ತ ಮೇಲೆ ಜಾಡಿ ಮಾಡಿದವರು ಈಗ ಯಾರೂ ಇರಲಿಲ್ಲ. ಅತ್ತೆಯ ಹೆಸರು ಕೊಟ್ಟು ಕೇಳಿದಳು. ಹಸಿರು ಮೆರುಗಿನದು, ಉದ್ದ ಕತ್ತಿನದು, ಎರಡು ಹಿಡಿಕೆಯದು ಎಂದು ಜಾಡಿಗಳ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಅತ್ತೆ ಕನ್ನಡಕ ಏರಿಸಿಕೊಂಡು, "ಅಯ್ಯೋ, ಇದರ ಬಾಯಿ ಸೊಟ್ಟ! ಇದನ್ನ ಇಡೋಕೆ ಮ್ಯೂಸಿಯಂ ಬೇಕಿತ್ತಾ?" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆಗೆ ಹಿಡಿಸಲಾರದಷ್ಟು ಖುಷಿಯಾಗಿ, ಆಗಲೇ ಮೇಲಧಿಕಾರಿಗೆ ಫೋನ್ ಮಾಡಿ, "ದೆವ್ವ ಸಿಕ್ತು ಸರ್, ನಮ್ಮನೇಲೇ ಬಟ್ಟೆ ಮಡಚ್ತಾ ಇತ್ತು!" ಎಂದಳು.

ಆಮೇಲೆ ಮಾವನ ಹೆಸರಿನಲ್ಲಿ ಉಳಿದ ಜಾಡಿಗಳನ್ನೂ ತೆಗೆದು ಅತ್ತೆಯ ಮುಂದಿಟ್ಟಳು. "ನೋಡಿ, ಈಗ ಅವರದು ಅವರಿಗೆ, ನಿಮ್ಮದು ನಿಮಗೆ."

ಅತ್ತೆ ಬೆರಳಿನಿಂದ ಚಿತ್ರಗಳನ್ನು ಸರಿಸುತ್ತ ಹೋದರು. ಕೆಲವನ್ನು ಹಾಗೇ ದಾಟಿದರು, ಕೆಲವು ಕಡೆ ನಿಂತರು. ಒಂದು ಜಾಡಿಯ ಹತ್ತಿರ ತುಂಬ ಹೊತ್ತು ನಿಂತು, ತಲೆಯೆತ್ತದೆ ಕೇಳಿದರು:

"ಅವರು ಹೋದ ಮೇಲೆ ನಾನು ಮಾಡಿದ್ದನ್ನ ತಾರೀಕು ನೋಡಿ ಹಿಡಿದೆ. ಅವರು ಇದ್ದಾಗ ನಾನು ಮಾಡಿದ್ದನ್ನ ಹಿಡಿಯೋಕೆ, ಈ ಕಂಪ್ಯೂಟರನ್ನ ಏನಂತ ಕೇಳ್ತೀಯೇ?"